ಆ 40 ಡಾಲರ್ ಕಟ್ಟಿದವಳು ನಾನಲ್ಲ

ಫೇರ್‌ಫ್ಯಾಕ್ಸ್, ವರ್ಜೀನಿಯಾ
ಡಿಸೆಂಬರ್ 2017

ತೀರ್ಥರೂಪರಾದ ಅಪ್ಪನವರಿಗೆ ಹಾಗೂ ಅಮ್ಮನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ಚಳಿ ಶುರುವಾಗಿದೆ, ಸ್ವೆಟರ್ ಹಾಕಿಕೊಳ್ಳುತ್ತಿದ್ದೇವೆ.

ಗಿರೀಶನ ಕೈಯಲ್ಲಿ ಟೈಪ್ ಮಾಡಿಸಿ ಕಳುಹಿಸಿದ ಪತ್ರ ಓದಿದೆ. ಹತ್ತು ಮೈಲಿ ರಸ್ತೆಗೆ 40 ಡಾಲರ್, ಅಂದರೆ ಎರಡೂವರೆ ಸಾವಿರ ರೂಪಾಯಿ ಟೋಲ್ ತೆರುವವಳು ಏನು ಉಳಿಸಿಯಾಳು, ಅಮ್ಮನ ಕಣ್ಣಿನ ಶಸ್ತ್ರಚಿಕಿತ್ಸೆಯನ್ನು ಬೇಸಿಗೆ ಕಳೆದ ಮೇಲೆ ನೋಡೋಣ ಎಂದು ಬರೆದಿದ್ದೀರಿ. ಅಪ್ಪ, ದಯವಿಟ್ಟು ಹಾಗೆ ಮಾಡಬೇಡಿ. ಚಿಕಿತ್ಸೆಯ ಹಣ ಯಾವ ಟೋಲಿಗೂ ಸಿಗದ ಜಾಗದಲ್ಲಿದೆ.

ಗಿರೀಶ ನಿಮಗೆ ತೋರಿಸಿದ ಆ ಟೋಲ್ ದರದ ಫೋಟೊ ಸುಳ್ಳಲ್ಲ. ಇಂಟರ್‌ಸ್ಟೇಟ್ 66 ಎಂಬ ಹೆದ್ದಾರಿಯಲ್ಲಿ, ವಾಷಿಂಗ್ಟನ್ನಿನ ವರ್ತುಲ ರಸ್ತೆಯಿಂದ ಒಳಗಿನ ಭಾಗಕ್ಕೆ ಡಿಸೆಂಬರ್ 4ರಿಂದ ಟೋಲ್ ಬಂದಿದೆ. ಮೊದಲ ದಿನವೇ ದರ 34.50 ಡಾಲರ್ ಮುಟ್ಟಿತು, ಮರುದಿನ 40. ಪತ್ರಿಕೆ, ಟಿ.ವಿ. ಎಲ್ಲೆಲ್ಲೂ ಅದೇ ಗದ್ದಲ. ಆದರೆ ಫೋಟೊದ ಕೆಳಗಿದ್ದ ಸುದ್ದಿಯನ್ನು ಆ ಮಹಾಶಯ ನಿಮಗೆ ಓದಿ ಹೇಳಲಿಲ್ಲ. ಆ ದರ ಕಾರಿನಲ್ಲಿ ಒಬ್ಬರೇ ಹೋಗುವವರಿಗೆ. ಅದೂ ವಾರದ ದಿನಗಳಲ್ಲಿ, ಬೆಳಿಗ್ಗೆ ಐದೂವರೆಯಿಂದ ಒಂಬತ್ತೂವರೆಯವರೆಗೆ ನಗರದ ಕಡೆಗೆ, ಮಧ್ಯಾಹ್ನ ಮೂರರಿಂದ ಸಂಜೆ ಏಳರವರೆಗೆ ನಗರದಿಂದ ಹೊರಕ್ಕೆ. ಕಾರಿನಲ್ಲಿ ಇಬ್ಬರಿದ್ದರೆ ಒಂದು ಸೆಂಟೂ ಇಲ್ಲ.

ನಾವು ಇಬ್ಬರು. ನನ್ನ ಪಕ್ಕದ ಮೇಜಿನ ಪೆರು ದೇಶದವಳು ಇಲ್ಲೇ ಎರಡು ಬೀದಿಯ ಆಚೆ ಇದ್ದಾಳೆ. ಒಂದು ವಾರ ಅವಳ ಕಾರು, ಒಂದು ವಾರ ನನ್ನದು. ಮುಂದಿನ ಗಾಜಿಗೆ ಅಂಟಿಸಿದ ಅಂಗೈಯಗಲದ ಪೆಟ್ಟಿಗೆಯೊಂದಿದೆ, ಇ-ಝಡ್‌ಪಾಸ್ ಫ್ಲೆಕ್ಸ್ ಎಂದು ಹೆಸರು. ಅದರ ಸ್ವಿಚ್ಚನ್ನು ಎಚ್‌ಒವಿ ಎಂಬ ಕಡೆಗೆ ಸರಿಸಿದರೆ, ಕಾರಿನಲ್ಲಿ ಒಬ್ಬರಿಗಿಂತ ಹೆಚ್ಚು ಜನ ಇದ್ದೇವೆ ಎಂದು ಹೇಳಿಕೊಂಡಂತೆ. ಸುಳ್ಳು ಹೇಳಿದವರನ್ನು ಹಿಡಿಯಲು ಪೊಲೀಸರು ನಿಂತಿರುತ್ತಾರೆ. ಟೋಲ್ ಕಟ್ಟೆ, ಚಿಲ್ಲರೆ, ಸಾಲು ಯಾವುದೂ ಇಲ್ಲ. ತಲೆಯ ಮೇಲಿನ ಕಮಾನು ಪೆಟ್ಟಿಗೆಯನ್ನು ಓದಿಕೊಳ್ಳುತ್ತದೆ, ಕಾರು ನಿಲ್ಲುವುದೇ ಇಲ್ಲ.

ದರ ಹೀಗೆ ಏರುತ್ತಾ ಹೋಗಲು ಇದೇನು ಬಡ್ಡಿ ವ್ಯಾಪಾರವೇ ಎಂದು ಕೇಳಿದ್ದೀರಲ್ಲ, ಅದಕ್ಕೆ ಉತ್ತರ ಹೇಳಬೇಕು. ದರ ಆರು ನಿಮಿಷಕ್ಕೊಮ್ಮೆ ಬದಲಾಗುತ್ತದೆ. ರಸ್ತೆಯಲ್ಲಿ ಕಾರು ಹೆಚ್ಚಿದಂತೆ ಏರುತ್ತದೆ, ಕಡಿಮೆಯಾದಂತೆ ಇಳಿಯುತ್ತದೆ. ಒಳಗೆ ಹೋಗುವ ಮುಂಚೆ ಫಲಕದಲ್ಲಿ ಕಂಡದ್ದೇ ನಿಮ್ಮ ದರ, ಆಮೇಲೆ ಏರಿದರೂ ನಿಮಗೆ ತಗಲುವುದಿಲ್ಲ. ಇದರ ಹಿಂದಿನ ಲೆಕ್ಕ ನಿಮಗೆ ಹಿಡಿಸುತ್ತದೆ. ಸರಾಗವಾಗಿ ಸಾಗುವಾಗ ಹೆದ್ದಾರಿಯ ಒಂದು ಪಥದಲ್ಲಿ ಗಂಟೆಗೆ ಸುಮಾರು 2,000 ಕಾರು ದಾಟುತ್ತವೆ. ಒಂದು ಮಿತಿ ಮೀರಿ ಇನ್ನಷ್ಟು ಕಾರು ನುಗ್ಗಿದರೆ ಎಲ್ಲರೂ ಬ್ರೇಕ್ ಒತ್ತತೊಡಗುತ್ತಾರೆ, ಆಗ ದಾಟುವ ಕಾರುಗಳ ಸಂಖ್ಯೆ ಏರುವ ಬದಲು ಕುಸಿಯುತ್ತದೆ. ರಸ್ತೆ ತುಂಬಿದ್ದಷ್ಟೂ ಅದರಿಂದ ಆಗುವ ಕೆಲಸ ಕಡಿಮೆ! ಹಾಗಾಗಿ ಕೆಲವರು ಹಿಂದೆ ಸರಿದರೂ ಸಾಕು, ಉಳಿದವರೆಲ್ಲ ಸಾಗುತ್ತಾರೆ. ಆ ಕೆಲವರನ್ನು ಬೇರೆ ಹೊತ್ತಿಗೋ, ಇನ್ನೊಬ್ಬರ ಕಾರಿಗೋ, ಇದೇ ರಸ್ತೆಯ ನಡುವೆ ಓಡುವ ಮೆಟ್ರೊಗೋ ಕಳುಹಿಸುವುದು ದರದ ಕೆಲಸ.

ನಮ್ಮ ಮನೆಯಲ್ಲೇ ನೋಡಿ. ಮೊನ್ನೆ ಆ ಪೆರುವಿನವಳ ಮಗುವಿಗೆ ಜ್ವರ ಬಂದು ನಾನೊಬ್ಬಳೇ ಹೋಗಬೇಕಾಯಿತು. ಬೆಳಗಿನ ಜಾವವೇ ಎದ್ದು ಐದೂವರೆಗೆ ಮುಂಚೆ ಕಮಾನು ದಾಟಿದೆ. ಸಂಜೆ ಕೆಲಸ ಮುಗಿದರೂ ಏಳು ಹೊಡೆಯುವವರೆಗೆ ಕಚೇರಿಯಲ್ಲೇ ಕುಳಿತಿದ್ದೆ. ಖರ್ಚು ಸೊನ್ನೆ. ಸರ್ಕಾರಕ್ಕೆ ಬೇಕಿದ್ದದ್ದೂ ಅದೇ. ಅಮ್ಮನಿಗೆ ಈ ಸಾಲುಗಳನ್ನು ಓದಬೇಡಿ, ನಿದ್ದೆಗೆಡುತ್ತಿದ್ದಾಳೆ ಎಂದು ಶುರುಮಾಡುತ್ತಾಳೆ. ನಾನು ಚೆನ್ನಾಗಿ ನಿದ್ದೆ ಮಾಡುತ್ತಿದ್ದೇನೆ.

ಎಲ್ಲ ಸರಿಯಾಗಿದೆ ಎಂದು ನಾನು ಹೇಳುವುದಿಲ್ಲ. ಮೊದಲು ದಟ್ಟಣೆಯ ಹೊತ್ತಿನಲ್ಲಿ ಒಂಟಿ ಕಾರಿಗೆ ಅಲ್ಲಿ ಪ್ರವೇಶವೇ ಇರಲಿಲ್ಲ, ಈಗ ದುಡ್ಡು ಕೊಟ್ಟರೆ ಉಂಟು ಎನ್ನುತ್ತಾರೆ ಅಧಿಕಾರಿಗಳು. ಮಾತು ನಿಜ. ಆದರೆ ಆ ನಿರ್ಬಂಧ ಬೆಳಿಗ್ಗೆ ಶುರುವಾಗುತ್ತಿದ್ದುದು ಆರೂವರೆಗೆ. ಆರು ಗಂಟೆಗೆ ಪುಕ್ಕಟೆ ಹೋಗುತ್ತಿದ್ದವರು ಈಗ ಟೋಲಿನ ಬಾಯಿಗೆ ಬಿದ್ದಿದ್ದಾರೆ. ನನಗೆ ಕಚೇರಿಯ ಹೊತ್ತನ್ನು ಅತ್ತಿತ್ತ ಸರಿಸಬಹುದು. ಪಾಳಿಯಲ್ಲಿ ದುಡಿಯುವ ದಾದಿ ಏನು ಸರಿಸಿಯಾಳು? ವಸೂಲಾದ ಹಣದಲ್ಲಿ ಬಸ್ಸು ಮುಂತಾದವನ್ನು ಹೆಚ್ಚಿಸುತ್ತಾರಂತೆ. ಅವಳ ಪಾಳಿಯ ಹೊತ್ತಿಗೆ ಆ ಬಸ್ಸು ಬಂದರೆ ಒಪ್ಪುತ್ತೇನೆ.

ಇದು ಇವರ ಹೊಸ ಹುಚ್ಚೇನೂ ಅಲ್ಲ. ಸಿಂಗಪುರದ ಭಾವನನ್ನು ಕೇಳಿ. ಅಲ್ಲಿ 1975ರಿಂದ ನಗರದೊಳಗೆ ಹೋಗಲು ಹಣ ಕೊಡಬೇಕು. 1998ರಿಂದ ಅದನ್ನು ಯಂತ್ರವೇ ಹೊತ್ತು ನೋಡಿ ಕಳೆದುಕೊಳ್ಳುತ್ತದೆ. ಸ್ಟಾಕ್‌ಹೋಮ್‌ನವರು 2006ರಲ್ಲಿ ಏಳು ತಿಂಗಳು ಪರೀಕ್ಷೆ ಮಾಡಿ, ನಂತರ ಜನರ ಮತ ಕೇಳಿ, ಮರುವರ್ಷ ಕಾಯಂ ಮಾಡಿದರು. ಅಲ್ಲಿ ನಗರಕ್ಕೆ ಬರುವ ವಾಹನಗಳು ಐದರಲ್ಲಿ ಒಂದರಷ್ಟು ಇಳಿದವು. ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞರು 1959ರಲ್ಲೇ ಇದೇ ವಾಷಿಂಗ್ಟನ್ನಿಗೆ ಇಂಥ ಉಪಾಯ ಹೇಳಿದ್ದರು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1996ರಲ್ಲಿ ನೊಬೆಲ್ ಘೋಷಣೆಯಾದ ಮೂರನೆಯ ದಿನ ಪಾಪ ತೀರಿಕೊಂಡರು.

ಇನ್ನೊಂದು ವಿಚಿತ್ರ ಕೇಳಿ. ದಕ್ಷಿಣದ ಹೆದ್ದಾರಿಯ ಕಡೆ ತಲೆ ಲೆಕ್ಕ ತುಂಬಿಸಲು ಗುರುತಿಲ್ಲದವರನ್ನು ಕಾರಿಗೆ ಹತ್ತಿಸಿಕೊಳ್ಳುತ್ತಾರೆ. 1970ರ ದಶಕದಿಂದ ನಡೆದು ಬಂದ ಪದ್ಧತಿ. ಕೋಟು ಹಾಕಿದ ದೊಡ್ಡ ಹುದ್ದೆಯವರೂ ಸಾಲಿನಲ್ಲಿ ನಿಂತಿರುತ್ತಾರೆ. ದುಡ್ಡು ಕೊಡುವ ಹಾಗಿಲ್ಲ, ಕಾರಿನವರು ಮಾತಾಡಿಸದೆ ತಾವಾಗಿ ಮಾತು ತೆಗೆಯುವ ಹಾಗೂ ಇಲ್ಲ! ಅಮ್ಮ, ಗಾಬರಿಯಾಗಬೇಡ, ನಾನು ಅಂಥ ಕಾರು ಹತ್ತುವುದಿಲ್ಲ.

ಈಗ ಮುಖ್ಯ ವಿಷಯ. ಹಣ ಶುಕ್ರವಾರವೇ ನಿಮ್ಮ ಖಾತೆಗೆ ಹಾಕಿದ್ದೇನೆ. ಎರಡು ಕಣ್ಣಿಗೂ ಸಾಕು, ಔಷಧಕ್ಕೂ ಸಾಕು, ಮೇಲೆ ಉಳಿಯುತ್ತದೆ. ಅದನ್ನು ನನ್ನ ಹೆಸರಿನಲ್ಲಿ ಠೇವಣಿ ಇಡಲು ಹೋಗಬೇಡಿ, ನಿಮ್ಮ ಬುದ್ಧಿ ನನಗೆ ಗೊತ್ತು. ಡಾಕ್ಟರ ಹತ್ತಿರ ಈ ವಾರವೇ ದಿನ ಗೊತ್ತುಮಾಡಿಸಿ. ಮುಂದೆ ಟೋಲ್ ತಪ್ಪಲು ಕಾರಿನಲ್ಲಿ ಇಬ್ಬರ ಬದಲು ಮೂವರಿರಬೇಕು ಎಂಬ ನಿಯಮ ಬರಲಿದೆಯಂತೆ. ಬರಲಿ, ಮೂರನೆಯವರನ್ನು ಹುಡುಕುತ್ತೇವೆ, ಇಲ್ಲವೇ ಮೆಟ್ರೊ ಇದ್ದೇ ಇದೆ. ನಮಗೆ ಯಾವ ತೊಂದರೆಯೂ ಇಲ್ಲ, ಒಂದಿಷ್ಟೂ ಇಲ್ಲ.

ಕೆಳಗೆ ಕಾರು ಬಂತು, ಮೊಬೈಲ್ ಎರಡು ಸಲ ಬಡಿದುಕೊಂಡಿತು. ಇವರೂ ಮಕ್ಕಳೂ ನಮಸ್ಕಾರ ತಿಳಿಸಿದ್ದಾರೆ. ದಿನ ಗೊತ್ತಾದ ಕೂಡಲೇ ಗಿರೀಶನಿಂದ ಒಂದು ಸಾಲು ಬರೆಸಿ, ಫೋಟೊ ಬೇಡ.

ಇಂತಿ ನಿಮ್ಮ ಮಗಳು,
ಸುಮ