ಜನಗಣತಿಯ ಹಳೆಯ ಹಾಳೆಗಳು ವಂಶಜರಿಗೂ ಸಿಗಲಿ

ಮಾನ್ಯರೇ,

ಅಮೆರಿಕದಲ್ಲಿ ಜನಗಣತಿಯ ಮನೆವಾರು ದಾಖಲೆಗಳನ್ನು 72 ವರ್ಷ ಗೋಪ್ಯವಾಗಿಟ್ಟು ಬಳಿಕ ಸಾರ್ವಜನಿಕರಿಗೆ ತೆರೆಯುವುದರಿಂದ, 1950ರ ಗಣತಿಯಲ್ಲಿ ನಮೂದಾದ ತಾತ, ಮುತ್ತಾತಂದಿರ ಹೆಸರು, ವಯಸ್ಸು, ಕಸುಬು, ಹುಟ್ಟಿದ ರಾಜ್ಯವನ್ನು 2022ರ ಏಪ್ರಿಲ್‌ನಿಂದ ಯಾರು ಬೇಕಾದರೂ ಓದಬಹುದಾಗಿದೆ. (1890ರ ಹಾಳೆಗಳಲ್ಲಿ ಬಹುಪಾಲು 1921ರ ಬೆಂಕಿಯಲ್ಲಿ ಹಾಳಾದುದಕ್ಕೆ ವಂಶಮೂಲ ಹುಡುಕುವವರು ಇಂದಿಗೂ ಹಳಹಳಿಸುತ್ತಾರೆ.) ನಮ್ಮಲ್ಲಿ ಬೆಂಕಿಯೇ ಬೇಕಿಲ್ಲ, 1948ರ ಜನಗಣತಿ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಈ ದಾಖಲೆಗಳನ್ನು ಪರಿಶೀಲಿಸುವ ಹಕ್ಕು ಯಾರಿಗೂ ಇಲ್ಲ, ಅದಕ್ಕೆ ಕಾಲಮಿತಿಯೂ ಇಲ್ಲ. ಹೀಗಾಗಿ 1871ರಲ್ಲೇ ಗಣತಿ ಕಂಡ ಮೈಸೂರು ಸೀಮೆಯವರೂ ವಂಶಾವಳಿಗಾಗಿ ಹೆಳವರ ಹೊತ್ತಗೆಯನ್ನೋ ಹಳೆಯ ಪಹಣಿಯನ್ನೋ ನೆಚ್ಚಬೇಕಾಗಿದೆ. ಬದುಕಿರುವವರ ಗೋಪ್ಯತೆ ಕಾಯಲೇಬೇಕು, ನಿಜ. ಆದರೆ ಮುಂದಿನ ಜನಗಣತಿಯ ಮನೆವಾರು ವಿವರಗಳನ್ನಾದರೂ ಪತ್ರಾಗಾರದಲ್ಲಿ ಉಳಿಸಿ, ನೂರು ವರ್ಷಗಳ ಬಳಿಕ ತೆರೆಯುವಂತೆ ಕೇಂದ್ರ ಸರ್ಕಾರ ಕಾಯ್ದೆಗೆ ತಿದ್ದುಪಡಿ ತರಬೇಕು.

– ಓದುಗ, ಮೈಸೂರು