ಖಾಲಿ ಶೆಡ್ಡಿನ ದಿನಗಳಲ್ಲಿ ಜೊತೆ ನಿಂತವರಿಗೆ

ಕೊಡಗಿನ ನಮ್ಮ ಹಂದಿ ಫಾರಂನಲ್ಲಿ, ರೋಗ ಹಿಡಿದ ಹಳೆಯ ಹಿಂಡನ್ನು ಪೂರ್ತಿ ಖಾಲಿ ಮಾಡಿ ತಂದ ಹೊಸ ಹಿಂಡಿನ ಮೊದಲ ಸೂಲಿನ ಮರಿಗಳಿಗೆ ಈ ವಾರ ಮೂರು ತಿಂಗಳು ತುಂಬಿತು. ಹಳೆಯ ಹಿಂಡಿನಲ್ಲಿ ಒಣಕೆಮ್ಮು ಶುರುವಾಗುತ್ತಿದ್ದುದು ಹೆಚ್ಚುಕಡಿಮೆ ಇದೇ ವಯಸ್ಸಿಗೆ. ಬೆಳಗಿನ ಜಾವ ಮೇವು ಹಾಕಲು ಹೋಗಿ ಹಂದಿಗಳನ್ನು ಎಬ್ಬಿಸಿದೊಡನೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹರಿಯುತ್ತಿದ್ದ ಆ ಕೆಮ್ಮು ಈಗ ಕೇಳಿಸುತ್ತಿಲ್ಲ. ಆದ್ದರಿಂದಲೇ ಈ ಕೃತಜ್ಞತೆಯನ್ನು ಬರೆಯುವ ಧೈರ್ಯ ಮಾಡಿದ್ದೇನೆ.

ಮೊದಲು ನಮ್ಮ ಪಶುವೈದ್ಯರಿಗೆ ವಂದನೆ. ಅವರು ನನ್ನನ್ನು ಮಾಂಸದಂಗಡಿಗೆ ಕರೆದೊಯ್ದು, ನಮ್ಮದೇ ಹಂದಿಯ ಶ್ವಾಸಕೋಶವನ್ನು ಬೆಳಕಿಗೆ ಹಿಡಿದು, ಮುಂಭಾಗದ ಕೆಳಹಾಲೆಗಳು ಕಂದು ನೇರಳೆಗೆ ತಿರುಗಿ, ಒತ್ತಿದರೆ ಈಲಿಯಂತೆ ಗಟ್ಟಿಯಾಗಿದ್ದುದನ್ನು ತೋರಿಸಿದರು. ಪರೀಕ್ಷೆಯಲ್ಲಿ ಅದು ಹಂದಿಗಳ ಶ್ವಾಸಕೋಶಕ್ಕೆ ತಗಲುವ ಮೈಕೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಎಂದು ಖಚಿತವಾಯಿತು. ಸಂತೆಯಿಂದ ತಂದ ಮರಿಗಳನ್ನು ಒಂದು ದಿನವೂ ಬೇರೆ ಇಡದೆ ಹಿಂಡಿಗೆ ಸೇರಿಸಿದ ತಪ್ಪು ನನ್ನದೇ. ಔಷಧದಿಂದ ಕೆಮ್ಮು ತಗ್ಗುತ್ತದೆಯೇ ಹೊರತು ರೋಗಾಣು ಹಿಂಡನ್ನು ಬಿಟ್ಟು ಹೋಗುವುದಿಲ್ಲ, ಸೋಂಕು ತಗುಲಿದ ಹಂದಿ ಏಳೆಂಟು ತಿಂಗಳು ಅದನ್ನು ಹರಡಬಲ್ಲದು, ತಾಯಿಯಿಂದ ಮರಿಗೆ ಅದು ಮತ್ತೆ ಮತ್ತೆ ದಾಟುತ್ತಲೇ ಇರುತ್ತದೆ ಎಂದು ಅವರು ತಾಳ್ಮೆಯಿಂದ ತಿಳಿಸಿದರು. ಸ್ವಿಟ್ಜರ್ಲೆಂಡಿನವರು 1996ರಿಂದ 2004ರವರೆಗೆ ಒಂದೊಂದೇ ಪ್ರದೇಶವನ್ನು ಹಿಡಿದು ಈ ರೋಗವನ್ನು ಹಿಮ್ಮೆಟ್ಟಿಸಿದ್ದು ಹಿಂಡುಗಳನ್ನು ಪೂರ್ತಿಯಾಗಿಯೋ ಭಾಗಶಃವೋ ಖಾಲಿ ಮಾಡಿಯೇ ಎಂಬುದನ್ನೂ ಅವರಿಂದಲೇ ಕೇಳಿದೆ.

ಖಾಲಿ ಮಾಡುವುದೆಂದರೆ ಒಂದು ದಿನದ ಕೆಲಸವಲ್ಲ. ಮೇ ತಿಂಗಳಲ್ಲಿ ಗಂಡು ಬಿಡುವುದನ್ನು ನಿಲ್ಲಿಸಿದರೂ, ಗಬ್ಬದ ಅವಧಿ 114 ದಿನವಾದ್ದರಿಂದ ಕೊನೆಯ ಸೂಲು ಸೆಪ್ಟೆಂಬರಿಗೆ ಬಂತು. ಆ ಮರಿಗಳನ್ನು ಸಾಕುವವರಿಗೆ ಮಾರಿದ್ದರೆ ರೋಗವನ್ನೂ ಮಾರಿದಂತಾಗುತ್ತಿತ್ತು. ಫೆಬ್ರವರಿಯವರೆಗೆ ಕಾದು, ತೂಕ ಕಡಿಮೆಯಿದ್ದರೂ ಎಲ್ಲವನ್ನೂ ಮಾಂಸಕ್ಕೆಂದೇ ಕೊಂಡ, ಮುದಿ ತಾಯಿಹಂದಿಗಳಿಗೂ ಚೌಕಾಸಿ ಮಾಡದ ವ್ಯಾಪಾರಿಗೆ ನಾನು ಋಣಿ.

ಮಾರ್ಚ್, ಏಪ್ರಿಲ್ ಎರಡೂ ತಿಂಗಳು ಶೆಡ್ ಖಾಲಿಯಿತ್ತು. ಕೆಲಸದ ದಂಪತಿ ಗೊಬ್ಬರವನ್ನು ಕೆರೆದು, ಸೋಪಿನ ನೀರಿನಲ್ಲಿ ನೆಲ ನೆನೆಸಿ, ಮೇವಿನ ತೊಟ್ಟಿಯ ಅಡಿಯ ಪದರವನ್ನು ಹಳೆಯ ಚಮಚದಿಂದ ಎಬ್ಬಿಸಿದರು. ಕೊಳೆ ಉಳಿದ ಜಾಗದಲ್ಲಿ ಎಂಥ ಔಷಧವೂ ಕೆಲಸ ಮಾಡುವುದಿಲ್ಲವೆಂದು ನನಗೆ ನೆನಪಿಸುತ್ತಿದ್ದವರು ಅವರೇ. ಆಮೇಲೆ ಕೈಗವಸು ತೊಟ್ಟು ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ತೊಳೆದು, ಮತ್ತೆ ನೀರು ಹೊಯ್ದು, ಸುಣ್ಣ ಬಳಿದು ಒಣಗಲು ಬಿಟ್ಟೆವು. ಮಳೆ ಹಿಡಿದರೆ ನಮ್ಮಲ್ಲಿ ಬಟ್ಟೆಯೇ ಒಣಗದು, ಕಾಂಕ್ರೀಟು ಒಣಗೀತೇ? ಬೇಸಿಗೆಯನ್ನು ಆರಿಸಿಕೊಂಡದ್ದು ಅದಕ್ಕೇ. ದುಡಿಮೆಯಿಲ್ಲದ ಆ ತಿಂಗಳುಗಳಲ್ಲಿ ಸಂಬಳ ತಡವಾದರೂ ಆ ಗಂಡಹೆಂಡಿರು ನಮ್ಮನ್ನು ಬಿಟ್ಟು ಹೋಗಲಿಲ್ಲ. ಕಾಫಿ ಮಾರಿದ ಹಣದಿಂದ ಕಂತು ಕಟ್ಟಿ ಲೆಕ್ಕ ಸರಿದೂಗಿಸಿದವಳು ನನ್ನ ಹೆಂಡತಿ.

ಎಲ್ಲರಿಗಿಂತ ದೊಡ್ಡ ಋಣ ಪಕ್ಕದ ಮನೆಯ ಹಿರಿಯರದು. ಈ ರೋಗಾಣು ಗಾಳಿಯಲ್ಲೂ ದೂರ ಸಾಗಬಲ್ಲದಾದ್ದರಿಂದ, ಅವರ ಹಿತ್ತಲಿನ ಮೂರು ಹಂದಿಗಳು ಉಳಿದರೆ ನಮ್ಮ ಶ್ರಮ ವ್ಯರ್ಥವಾಗುತ್ತಿತ್ತು. ಕೇಳಲು ನಾಲಿಗೆ ಏಳದೆ ನಾನು ಅಂಗಳದಲ್ಲಿ ನಿಂತಿದ್ದಾಗ ಅವರೇ, "ನಿನ್ನ ಡಾಕ್ಟರು ಎಲ್ಲ ಹೇಳಿದ್ದಾರೆ ಮಗ, ಗೂಡು ಖಾಲಿ ಮಾಡ್ತೇನೆ" ಎಂದರು. ನಮ್ಮ ಸುಗ್ಗಿಹಬ್ಬ ಹುತ್ತರಿಗೆಂದು ಸಾಕಿದ್ದ ಹಂದಿಯೂ ಅದರಲ್ಲಿತ್ತು.

ರಕ್ತಪರೀಕ್ಷೆ ಮಾಡಿಸಿ ಒಂದೇ ಫಾರಂನಿಂದ ತಂದ ಹೆಣ್ಣು ಹಂದಿಗಳು ಮೊದಲು ದೂರದ ಕೊಟ್ಟಿಗೆಯಲ್ಲಿ ಒಂದು ತಿಂಗಳು ಕಳೆದು ಶೆಡ್ಡಿಗೆ ಬಂದವು. ನೋಡಲು ಬರುವವರನ್ನು ಗೇಟಿನಲ್ಲೇ ನಿಲ್ಲಿಸುತ್ತಿರುವುದಕ್ಕೆ ಯಾರೂ ಬೇಸರಿಸಬಾರದು. ಆ ಹಿರಿಯರ ಗೂಡಿಗೂ ಸುಣ್ಣ ಬಳಿದಾಗಿದೆ. ಮೊದಲ ಸೂಲಿನಲ್ಲಿ ಅವರೇ ಬೆರಳು ತೋರಿಸಿ ಆರಿಸಿದ ಮೂರು ಮರಿಗಳು ಈ ಭಾನುವಾರ ಅಲ್ಲಿಗೆ ಹೋಗಲಿವೆ.