ಸಾಯೋ ಗಳಿಗೆ ಫೋಟೋ ಮುಖಪುಟಕ್ಕೆ ಯಾಕೆ?

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಪಾನನಿಷೇಧ ಇದ್ದಾಗ, 1927ರ ಮಾರ್ಚಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ರೂತ್ ಸ್ನೈಡರ್ ಅನ್ನೋಳು ಪ್ರಿಯಕರ ಜಡ್ ಗ್ರೇ ಜೊತೆ ಸೇರ್ಕೊಂಡು ಇನ್ಶೂರೆನ್ಸ್ ದುಡ್ಡಿಗೋಸ್ಕರ ಗಂಡನ್ನೇ ಕೊಂದ್ಲು, ಕಬ್ಬಿಣದಿಂದ ತಲೆಗೆ ಹೊಡೆದು, ಕ್ಲೋರೋಫಾರ್ಮ್ ಹಿಡಿದು, ತಂತಿಲಿ ಕತ್ತು ಬಿಗಿದು. ಕಳ್ಳರು ಬಂದಿದ್ರು ಅಂತ ಕಥೆ ಕಟ್ಟಿದ್ರು, ಕಳುವಾದ ಒಡವೆ ಹಾಸಿಗೆ ಕೆಳಗೇ ಸಿಕ್ತು! 1928ರ ಜನವರಿ 12ಕ್ಕೆ ಸಿಂಗ್ ಸಿಂಗ್ ಜೈಲಲ್ಲಿ ಇಬ್ರಿಗೂ ಕರೆಂಟ್ ಕುರ್ಚಿಲಿ ಕೂರಿಸಿ ಮರಣದಂಡನೆ.

ಕೊಲೆ ಘೋರ, ಒಪ್ತೀನಿ. ಆದ್ರೆ ಫೋಟೋಗ್ರಾಫರ್ ಟಾಮ್ ಹೋವರ್ಡ್ ಕಾಲಿಗೆ ಕ್ಯಾಮೆರಾ ಕಟ್ಕೊಂಡು ಒಳಗೆ ಹೋಗಿ, ಕುರ್ಚಿಲಿ ಬಿಗಿದಿದ್ದ ಅವಳ ಫೋಟೋ ಕದ್ದು ತೆಗೆದ, ಮಾರನೇ ದಿನ ಡೈಲಿ ನ್ಯೂಸ್ ಅದನ್ನ ಮುಖಪುಟದ ತುಂಬಾ ಹಾಕ್ತು. ಅವಳಿಗೊಬ್ಬಳು ಪುಟ್ಟ ಮಗಳಿದ್ಲು ಸಾರ್, ಆ ಮಗು ನೆನಪು ಯಾರಿಗೂ ಬರ್ಲಿಲ್ವಾ? ದಯವಿಟ್ಟು ನಮ್ಮ ಪೇಪರ್‌ನೋರು ಇಂಥ ಫೋಟೋ ಹಾಕ್ಬೇಡಿ.

– ಒಬ್ಬ ಓದುಗ